ಹರ್ರಾಂಪ್ಲಾಸ್: ಟರ್ನಿಪ್ ಏಟು ತಿನ್ನುವ ಹರಕೆ

ಕೊಡಗಿನ ದೇವರಪುರದ ಕುಂಡೆ ಹಬ್ಬ ಕಂಡವರಿಗೆ ಸ್ಪೇನಿನ ಹರ್ರಾಂಪ್ಲಾಸ್ ಹಬ್ಬ ತಲೆಗೆ ಹೋಗಲು ಹೆಚ್ಚು ಹೊತ್ತು ಬೇಡ. ಮೇ ತಿಂಗಳಲ್ಲಿ ನಮ್ಮಲ್ಲಿ ಹೆಣ್ಣುವೇಷದ ಗಂಡಸರು ದಾರಿಗೆ ಅಡ್ಡ ನಿಂತು ಬಾಯಿಗೆ ಬಂದಂತೆ ಬೈದು ಕಾಸು ಕೇಳುತ್ತಾರೆ, ದೇವರನ್ನೂ ಬಿಡುವುದಿಲ್ಲ. ಅಲ್ಲಿ ಅದು ತಿರುಗುಮುರುಗು: ವೇಷ ಹಾಕಿದವನಿಗೇ ಊರೆಲ್ಲ ಸೇರಿ ಹೊಡೆಯುತ್ತದೆ. ಎರಡು ಕಡೆಯೂ ಹೊರಗಿನವರ ಫೋನಿಗೆ ಸಿಗುವುದು ಗಲಾಟೆ ಮಾತ್ರ. ಹರಕೆ ಅದರ ಹಿಂದೆ ಇರುತ್ತದೆ.

ಊರಿನ ಹೆಸರು ಪಿಯೊರ್ನಾಲ್. ಎಸ್ತ್ರೆಮದೂರಾ ಪ್ರದೇಶದ ಕಾಸೆರೆಸ್ ಪ್ರಾಂತ್ಯದಲ್ಲಿ, ಚೆರ್ರಿ ಹಣ್ಣಿಗೆ ಹೆಸರಾದ ಹೆರ್ತೆ ಕಣಿವೆಯ ನೆತ್ತಿಯ ಮೇಲಿದೆ. ಎತ್ತರ ಸುಮಾರು 1,175 ಮೀಟರ್, ಹೆಚ್ಚುಕಡಿಮೆ ನಮ್ಮ ಮಡಿಕೇರಿಯಷ್ಟೇ. ಹಾಗೆಂದು ಮಡಿಕೇರಿಯ ಸ್ವೆಟರ್ ಹಾಕಿಕೊಂಡು ಹೋದರೆ ಕೆಟ್ಟಿರಿ; ಜನವರಿಯಲ್ಲಿ ಅಲ್ಲಿ ಹಿಮ ಬೀಳುವುದುಂಟು. ಹಬ್ಬ ಸಂತ ಸೆಬಾಸ್ತಿಯನ್ನದು. ಪ್ರತಿ ವರ್ಷ ಜನವರಿ 19 ಮತ್ತು 20, ವಾರ ಯಾವುದಾದರೂ ತಾರೀಕು ಬದಲಾಗುವುದಿಲ್ಲ.

ಹರ್ರಾಂಪ್ಲಾಸ್ ಅಂದರೆ ದನಗಳ್ಳ, ಊರವರು ಅವನನ್ನು ಹಿಡಿದು ಬಡಿದು ಓಡಿಸಿದರು ಎನ್ನುವುದು ಹೆಚ್ಚು ಜನ ಹೇಳುವ ಕಥೆ. ಕಥೆಗಿಂತ ವೇಷ ನೋಡಿ. ಅಂಗಿ-ಪ್ಯಾಂಟಿನ ಮೇಲೆ ಬಣ್ಣಬಣ್ಣದ ಬಟ್ಟೆಪಟ್ಟಿಗಳನ್ನು ಒತ್ತೊತ್ತಾಗಿ ಹೊಲಿದಿರುತ್ತಾರೆ, ನಡೆದರೆ ಗಂಟೆಹೂವಿನ ಪೊದೆ ಅಲುಗಿದ ಹಾಗೆ. ತಲೆಗೆ ಶಂಕುವಿನಾಕಾರದ ಮುಖವಾಡ, ಎರಡು ಕೊಂಬು, ದಪ್ಪ ಮೂಗು, ಹಿಂದೆ ಇಳಿಬಿದ್ದ ಕುದುರೆ ಕೂದಲು. ಬಟ್ಟೆಯ ಅಡಿಯಲ್ಲಿ ಫೈಬರ್ ಗ್ಲಾಸಿನ ಕವಚ, ಮುಖವಾಡವೂ ಈಗ ಅದರದ್ದೇ. ಎಲ್ಲ ಸೇರಿ ಹತ್ತಾರು ಕಿಲೋ ಭಾರ. ಕೈಯಲ್ಲಿ ಡೋಲು ಮತ್ತು ಕೋಲು. ಅವನು ಓಡುವುದಿಲ್ಲ, ತಿರುಗಿ ಹೊಡೆಯುವುದಿಲ್ಲ. ಡೋಲು ಬಡಿಯುತ್ತ ನಡೆಯುತ್ತಾನೆ. ತಡೆಯುವಷ್ಟು ತಡೆದು ಒಳಗೆ ಹೋಗುತ್ತಾನೆ, ಸುಧಾರಿಸಿಕೊಂಡು ಮತ್ತೆ ಹೊರಬರುತ್ತಾನೆ. ಈ ಏಟು ತಿನ್ನಲು ಊರವರು ದಶಕಗಳ ಮುಂಚೆಯೇ ಹೆಸರು ಬರೆಸಿ ಸರದಿ ಕಾಯುತ್ತಾರೆ. ನಮ್ಮಲ್ಲಿ ಹರಕೆ ಹೊತ್ತು ತೆರೆ (ದೈವದ ವೇಷ) ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಸೆಯುವುದು ಟರ್ನಿಪ್ ಗೆಡ್ಡೆ. ಗೋಣಿಕೊಪ್ಪ ಸಂತೆಯ ನವಿಲುಕೋಸಿನ ಗಾತ್ರ, ಗಟ್ಟಿತನದಲ್ಲೂ ಅದರ ಅಣ್ಣತಮ್ಮ. ಲಾರಿಗಳಲ್ಲಿ ತಂದು ಬೀದಿಯಲ್ಲಿ ರಾಶಿ ಸುರಿಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ 20 ಟನ್ನಿಗೂ ಹೆಚ್ಚು. ಬೇಕಾದವರು ಎತ್ತಿಕೊಂಡು ಎಸೆಯಬಹುದು, ಕಾಸಿಲ್ಲ. ಕಿಟಕಿ, ಅಂಗಡಿ ಬಾಗಿಲುಗಳಿಗೆ ಮೊದಲೇ ಹಲಗೆ, ಬಲೆ ಬಡಿದಿರುತ್ತಾರೆ. ನಿಲ್ಲುವ ಜಾಗ ಹುಡುಕಲು ಆ ಹಲಗೆಗಳೇ ಗುರುತು: ಹಲಗೆ ಹೊಡೆದ ಗೋಡೆ ಎಂದರೆ ಅಲ್ಲಿಗೆ ಏಟು ಬೀಳುತ್ತದೆ ಎಂದೇ ಅರ್ಥ.

ನೋಡಲು ಬಂದವರಿಗೆ ಪೆಟ್ಟಾಗುವುದು ಹೆಚ್ಚಾಗಿ ಒಂದೇ ತಪ್ಪಿನಿಂದ, ವೇಷಧಾರಿಯ ಆಚೆ ಬದಿಗೆ ನಿಲ್ಲುವುದರಿಂದ. ಗುರಿ ತಪ್ಪಿದ್ದೆಲ್ಲ ಅವನ ಹಿಂದಿರುವವರಿಗೇ. ಎಸೆಯುವವರ ಬೆನ್ನ ಹಿಂದೆ ನಿಲ್ಲಿ, ಅವನು ತಿರುಗಿದರೆ ನೀವೂ ಜಾಗ ಬದಲಿಸಿ. ಕ್ಯಾಮೆರಾ ಕಣ್ಣಿಗಿಟ್ಟರೆ ಪಕ್ಕದಿಂದ ಬರುವುದು ಕಾಣುವುದಿಲ್ಲ. ಎರಡು ಚಿತ್ರ ತೆಗೆದು ಒಳಗಿಡಿ, ಇಲ್ಲವೇ ಮೇಲಿನ ಬಾಲ್ಕನಿಯಲ್ಲಿ ಯಾರಾದರೂ ಜಾಗ ಕೊಟ್ಟರೆ ಅಲ್ಲಿಂದ ತೆಗೆಯಿರಿ. ಅರ್ಧ ಗಂಟೆಯಲ್ಲಿ ಬೀದಿಯೆಲ್ಲ ಜಜ್ಜಿದ ತಿರುಳು, ಮಳೆಗಾಲದ ತೋಟದ ದಾರಿಯಷ್ಟೇ ಜಾರು. ಅಡಿ ಸವೆದ ಶೂ ಬೇಡ. ಎಸೆಯುವ ಆಸೆಯಿದ್ದರೆ ಎಸೆಯಿರಿ, ಆದರೆ ತೀರಾ ಹತ್ತಿರದಿಂದ ಅಲ್ಲ. ಕವಚವಿದ್ದರೂ ಒಳಗಿರುವುದು ಮನುಷ್ಯ.

ಎಲ್ಲರೂ 19ರ ಮಧ್ಯಾಹ್ನದ ಏಟು ನೋಡಿ ವಾಪಸ್ಸು ಹೊರಡುತ್ತಾರೆ. ಅದು ನಮ್ಮ ಕೊಡಗಿನ ಬೋಡ್ ನಮ್ಮೆ ಹಬ್ಬಕ್ಕೆ ಹೋಗಿ ದೇವಸ್ಥಾನದ ಕಡೆ ತಲೆ ಹಾಕದೆ ಬಂದ ಹಾಗೆ. ಅಂದು ನಡುರಾತ್ರಿ ಊರವರು ಸಂತನಿಗಾಗಿ ‘ಅಲ್ಬೊರಾದಾ’ ಹಾಡುತ್ತಾರೆ. ಆಮೇಲೆ ‘ಮೀಗಸ್’: ಒಣಗಿದ ಬ್ರೆಡ್ಡನ್ನು ಪುಡಿಮಾಡಿ ಬೆಳ್ಳುಳ್ಳಿ, ಎಣ್ಣೆ, ಮೆಣಸಿನಪುಡಿಯಲ್ಲಿ ಹುರಿದದ್ದು. ಬೆಟ್ಟದ ಆಚೆ ಮಗ್ಗುಲಿನ ಲಾ ವೇರಾದ ಮೆಣಸಿನಪುಡಿ ಓಕ್ ಹೊಗೆಯಲ್ಲಿ ಒಣಗಿಸಿದ್ದು, ಹೊಗೆಯಟ್ಟದ ಹಂದಿಮಾಂಸದ ವಾಸನೆ ಗೊತ್ತಿರುವ ಮೂಗಿಗೆ ತಕ್ಷಣ ಹಿಡಿಸುತ್ತದೆ. ಮೀಗಸ್‌ನಲ್ಲಿ ಹಂದಿ ತುಂಡು ಇರುವುದು ಮಾಮೂಲು, ಸಸ್ಯಾಹಾರಿಗಳು ಕೇಳಿ ತಿನ್ನಿ. 20ರಂದು ಪೂಜೆ, ಮೆರವಣಿಗೆ. ಆಗ ಟರ್ನಿಪ್ ಇಲ್ಲ. ಅದೇ ಬೀದಿ, ಅದೇ ವೇಷ, ಒಂದು ಕೈಯೂ ಏಳುವುದಿಲ್ಲ. ನನ್ನ ಮಟ್ಟಿಗೆ ಹಬ್ಬದ ತಿರುಳು ಇದು.

ಹೋಗುವ ದಾರಿ: ಬೆಂಗಳೂರಿನಿಂದ ಎಲ್ಲಾದರೂ ಒಂದು ಕಡೆ ವಿಮಾನ ಬದಲಿಸಿ ಮ್ಯಾಡ್ರಿಡ್. ಅಲ್ಲಿಂದ ಬಸ್ಸಿನಲ್ಲೋ ರೈಲಿನಲ್ಲೋ ಪ್ಲಾಸೆನ್ಸಿಯಾ. ಮುಂದೆ ಬಾಡಿಗೆ ಕಾರೇ ವಾಸಿ. ಎನ್-110 ಹೆದ್ದಾರಿಯಲ್ಲಿ ಕಣಿವೆ ಹತ್ತಿ, ವಾಲ್ದಾಸ್ತಿಯಾಸ್ ಹತ್ತಿರ ಬೆಟ್ಟಕ್ಕೆ ತಿರುಗಬೇಕು. ಕೊನೆಯ ದಾರಿ ನಮ್ಮ ಘಾಟಿಯ ಥರ ತಿರುವುಮುರುವು, ಮೇಲೆ ಹಿಮ ಬೇರೆ, ಕತ್ತಲಾಗುವ ಮೊದಲು ಹತ್ತಿಬಿಡಿ. ಸುಮಾರು 1,500 ಜನರ ಊರು, ಕೋಣೆಗಳು ಕಡಿಮೆ. ಸಿಗದಿದ್ದರೆ ಕೆಳಗಿನ ಕಬೆಸುವೆಲಾ ಅಥವಾ ಪ್ಲಾಸೆನ್ಸಿಯಾದಲ್ಲಿ ಉಳಿಯಿರಿ. ಕಾರನ್ನು ಊರ ಹೊರಗೇ ಬಿಡಿ, ಗಾಜು ಉಳಿಯುತ್ತದೆ.

ಸ್ಪೇನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಲೆಕ್ಕ ಹಾಕಿದರೆ ಜುಲೈ ನಡುವೆ ಕಕ್ಕಡ ತಿಂಗಳು ಶುರುವಾಗುವಾಗಲೇ ಬಾಗಿಲು ತೆರೆದಿರುತ್ತದೆ. ಪುತ್ತರಿ ಸುಗ್ಗಿಹಬ್ಬ ಮುಗಿಯಲಿ ಎಂದು ಕೂತರೆ ಕ್ರಿಸ್ಮಸ್ ನೂಕುನುಗ್ಗಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಜನವರಿ ರೊಬಸ್ಟಾ ಕೊಯ್ಲಿನ ಕಾಲ ಬೇರೆ; ತೋಟ ನೋಡಿಕೊಳ್ಳುವವರನ್ನು ಟಿಕೆಟ್‌ಗಿಂತ ಮೊದಲು ಗೊತ್ತು ಮಾಡಿ.

ಒಂದು ದಿನ ಹೆಚ್ಚಿಗೆ ಇದ್ದರೆ 21ರಂದು ಅದೇ ಪ್ರಾಂತ್ಯದ ಅಸೆಹೂಚೆಗೆ ಹೋಗಿ. ಅಲ್ಲಿಯೂ ಇದೇ ಸಂತನ ಹಬ್ಬ, 20 ಮತ್ತು 21. ಕುರಿ, ಆಡಿನ ತೊಗಲು ಹೊದ್ದ ‘ಕರಂತೋನ್ಯಾಸ್’ ಎಂಬ ಮೃಗಗಳು ಹಲ್ಲು ಕಿರಿದುಕೊಂಡು ಬಂದು, ಸಂತನ ಮುಂದೆ ತಲೆ ಬಾಗಿಸುತ್ತವೆ. ಅಲ್ಲಿ ಟರ್ನಿಪ್ ಏಟು ಇಲ್ಲ, ಕ್ಯಾಮೆರಾ ಧಾರಾಳವಾಗಿ ಹೊರಗೆ ತೆಗೆಯಬಹುದು.