ವಿದುರಾಶ್ವತ್ಥದಲ್ಲಿ ನಮ್ಮದೂ ಒಂದು ಕಲ್ಲು

ಗೌರಿಬಿದನೂರು ಸೀಮೆಯವರಿಗೆ ನಾಗರಕಲ್ಲುಗಳ ಕ್ಷೇತ್ರವಾದ ವಿದುರಾಶ್ವತ್ಥವನ್ನು ಪರಿಚಯಿಸಬೇಕಿಲ್ಲ. ನಮ್ಮ ಊರೂರಲ್ಲೂ ಅಶ್ವತ್ಥಪ್ಪ, ನಾಗರಾಜ, ಅಶ್ವತ್ಥಮ್ಮ ಅಂತ ಹೆಸರಿಟ್ಟುಕೊಂಡವರು ಇರುವುದೇ ಆ ಸ್ವಾಮಿಯ ಕೃಪೆಯಿಂದ. ನಮ್ಮ ಮನೆಯೂ ಅವನ ಋಣದಲ್ಲೇ ಇದೆ.

ನಮ್ಮಜ್ಜಿಗೆ ಮದುವೆಯಾಗಿ ಬಹಳ ಕಾಲ ಮಕ್ಕಳಾಗಿರಲಿಲ್ಲವಂತೆ. ಹರಕೆ ಹೊತ್ತು ಇಲ್ಲಿ ನಾಗಪ್ರತಿಷ್ಠೆ ಮಾಡಿಸಿ, ಅಂದರೆ ನಾಗರಕಲ್ಲು ಇಡಿಸಿದ ಮೇಲೆ ಹುಟ್ಟಿದವರು ನಮ್ಮಪ್ಪ. ಅದಕ್ಕೇ ಆ ಕಲ್ಲನ್ನು ಅಜ್ಜಿ "ನಮ್ಮ ದೊಡ್ಡೋನು" ಅನ್ನುತ್ತಿದ್ದರು. ನಾಗರಪಂಚಮಿಗೆ ಚಿಗಳಿ, ತಂಬಿಟ್ಟು ಮಾಡಿದರೆ ಮೊದಲು ದೊಡ್ಡೋನಿಗೆ, ಆಮೇಲೇ ಅಪ್ಪನಿಗೆ.

ಅಲ್ಲಿ ಸಾವಿರಾರು ನಾಗರಕಲ್ಲುಗಳಿವೆ. ಕಣ್ಣು ಮಂಜಾದ ಮೇಲೂ ಅಜ್ಜಿ ನಮ್ಮ ಕಲ್ಲನ್ನು ಕೈಯಿಂದಲೇ ಗುರುತು ಹಿಡಿಯುತ್ತಿದ್ದರು. ಹೆಣೆದುಕೊಂಡ ಎರಡು ನಾಗಗಳು, ನಡುವೆ ಪುಟ್ಟ ಲಿಂಗ, ಬಲಗಡೆಯ ಹೆಡೆಯ ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದ ಜಾಗ. ಹೆಬ್ಬೆರಳು ಅಲ್ಲಿ ನಿಂತಿತೆಂದರೆ ಮುಖ ಅರಳುತ್ತಿತ್ತು. ಈ ಸಲ ತನಿ ಎರೆಯುವಾಗ ನಾನೂ ಅಲ್ಲೇ ಬೆರಳಿಟ್ಟೆ. ಹಸಿ ಹಾಲು ಹರಿದು ತಣ್ಣಗಾಗಿದ್ದ ಕಲ್ಲು, ಸಂದಿಯಲ್ಲಿ ಕೂತ ಹಳೇ ಅರಿಶಿನ. ಆ ತಂಪು ಅಂಗೈಯಿಂದ ಮೊಣಕೈವರೆಗೂ ಏರಿತು. ಗಂಟಲು ಕಟ್ಟಿ ಬಂತು, ಮಂತ್ರ ಹೊರಡಲಿಲ್ಲ.

ಅರ್ಘ್ಯ ಕೊಡುವಾಗ ಬೊಗಸೆಗೆ ಬಂದ ಅಶ್ವತ್ಥದ ಸಸಿಯನ್ನು ವಿದುರ ಇಲ್ಲಿ ನೆಟ್ಟನೆಂಬ ಸ್ಥಳಪುರಾಣ ನಿಮಗೆ ಗೊತ್ತೇ ಇದೆ. ಆ ಹೆಮ್ಮರ 2001ರಲ್ಲಿ ಉರುಳಿತು. ಮರವೇ ಹೋದ ಮೇಲೆ ಇನ್ನು ಅಲ್ಲೇನಿದೆ ಎಂದವರಿಗೆ ಅಜ್ಜಿ ಹೇಳಿದ್ದು ಇಷ್ಟೇ: "ಮರ ಸ್ವಾಮೀದು, ಕರ್ಕೊಂಡ. ನಾನು ಸುತ್ತಿದ ನೆಲ ಇಲ್ಲೇ ಐತಲ್ಲ." ಒಂದು ಜಾಗದ ಮೇಲೆ ಜೀವ ಇಟ್ಟುಕೊಳ್ಳುವುದು ಹೇಗೆಂದು ನನಗೆ ತಿಳಿದದ್ದು ಆ ಮಾತಿನಿಂದ. ಯಾರಿಗೂ ಹೇಳಿಕೊಳ್ಳಲಾಗದ ಸಂಕಟವನ್ನು ಅಜ್ಜಿ ಪ್ರದಕ್ಷಿಣೆ ಹಾಕುತ್ತಾ ಆ ನೆಲಕ್ಕೆ ಒಪ್ಪಿಸಿದ್ದರು. ಮರ ಬಿದ್ದರೂ ಒಪ್ಪಿಸಿದ್ದು ಅಲ್ಲೇ ಇತ್ತು.

1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದೂ ಇದೇ ವಿದುರಾಶ್ವತ್ಥದಲ್ಲಿ. ಪೂಜೆ ಮುಗಿಸಿ ಅಜ್ಜಿ ಹುತಾತ್ಮರ ಸ್ಮಾರಕಕ್ಕೂ ಹೋಗಿ ಕೈಮುಗಿಯುತ್ತಿದ್ದರು. "ಅವರೂ ಯಾರೋ ತಾಯಿ ಹರಕೆ ಹೊತ್ತು ಹೆತ್ತ ಮಕ್ಕಳೇ ಕಣಪ್ಪ" ಅನ್ನುತ್ತಿದ್ದರು. ದೇವಸ್ಥಾನಕ್ಕೊಂದು ಭಕ್ತಿ, ಸ್ಮಾರಕಕ್ಕೊಂದು ಭಕ್ತಿ ಅಂತ ಅವರಲ್ಲಿ ಇರಲೇ ಇಲ್ಲ.

ಈಗ ಬರುವವರನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಹಾಲಿನ ಪ್ಯಾಕೆಟ್ಟನ್ನು ಹಲ್ಲಲ್ಲಿ ಕಚ್ಚಿ ಹರಿದು, ಕೈಗೆ ಸಿಕ್ಕ ಕಲ್ಲಿನ ಮೇಲೆ ಸುರಿದು, ಖಾಲಿ ಕವರನ್ನು ಅಲ್ಲೇ ಸಂದಿಗೆ ತುರುಕಿ ಹೋಗುತ್ತಾರೆ. ಎಷ್ಟೋ ಹಳೆಯ ಕಲ್ಲುಗಳು ಅರಿಶಿನ ಕಂಡು ವರ್ಷಗಳಾಗಿವೆ. ಅವನ್ನು ಇಡಿಸಿದವರ ಮೊಮ್ಮಕ್ಕಳು ಬೆಂಗಳೂರಲ್ಲೋ ಹಿಂದೂಪುರದಲ್ಲೋ ಚೆನ್ನಾಗಿಯೇ ಇದ್ದಾರು. ತಮ್ಮ ಕಲ್ಲು ಯಾವುದೆಂದು ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೇ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಬರುವ ಪಂಚಮಿಗೆ ದಯವಿಟ್ಟು ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಲ್ಲು ಹುಡುಕುವ ಕೆಲಸ ಅವರಿಗೇ ಬಿಡಿ, ಆತುರಪಡಿಸಬೇಡಿ. ಸಿಕ್ಕ ಮೇಲೆ ಮಕ್ಕಳ ಕೈಯಿಂದಲೇ ಅರಿಶಿನ ಹಚ್ಚಿಸಿ. ಹಾಲನ್ನು ಮನೆಯಿಂದ ಚೊಂಬಿನಲ್ಲಿ ತನ್ನಿ.