ಹ್ಯಾಲೋವೀನ್ ನಿಮ್ಮ ಹಬ್ಬ ಅಲ್ವಾ?

ಅಕ್ಟೋಬರ್ ಮೂರನೇ ವಾರ ಬಂತೆಂದರೆ ಈ ಪ್ರಶ್ನೆ ನನಗೆ ಎರಡು ಕಡೆಯಿಂದ ಬರುತ್ತದೆ. ಕೋಲಾರದಲ್ಲಿ ನಾನು ಕೆಲಸ ಮಾಡುವ ಕಡೆ ಜೊತೆಯವರು ಕೇಳುತ್ತಾರೆ: "ಮೇಡಂ, ಹ್ಯಾಲೋವೀನ್ ನಿಮ್ಮ ಹಬ್ಬ ಅಲ್ವಾ? ಮನೇಲಿ ಏನು ವಿಶೇಷ?" ಭಾನುವಾರ ಚರ್ಚಿನ ಅಂಗಳದಲ್ಲಿ ಸಂಡೇ ಸ್ಕೂಲ್ ಮಕ್ಕಳ ತಾಯಂದಿರು ಪಕ್ಕಕ್ಕೆ ಕರೆದು ಕೇಳುತ್ತಾರೆ: "ಅಕ್ಕ, ಸ್ಕೂಲಲ್ಲಿ ಹ್ಯಾಲೋವೀನ್ ಅಂತೆ. ಕಪ್ಪು ಬಟ್ಟೆ ಹಾಕ್ಕೊಂಡು ಬರಬೇಕಂತೆ. ಕಳಿಸಬಹುದಾ? ಪಾಪ ಅಲ್ವಾ?"

ಹ್ಯಾಲೋವೀನ್ ಅಂದರೆ ಅಕ್ಟೋಬರ್ 31ರ ಸಂಜೆ ದೆವ್ವ ಭೂತದ ವೇಷ ಹಾಕಿ ಆಚರಿಸುವ ದಿನ. ಒಬ್ಬರ ಲೆಕ್ಕದಲ್ಲಿ ಅದು ಕ್ರೈಸ್ತರ ಹಬ್ಬ. ಇನ್ನೊಬ್ಬರ ಲೆಕ್ಕದಲ್ಲಿ ಸೈತಾನನ ಹಬ್ಬ. ಇಬ್ಬರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಕ್ರೈಸ್ತರ ಮನೆಗಳಲ್ಲಿ ಹ್ಯಾಲೋವೀನ್ ಅನ್ನುವ ಹಬ್ಬವೇ ಇರಲಿಲ್ಲ. ನನ್ನ ಅಜ್ಜಿ ಆ ಹೆಸರು ಕೇಳಿಯೇ ಇರಲಿಲ್ಲ. ಅದು ಬಂದದ್ದು ಬೆಂಗಳೂರಿನ ಮಾಲ್‌ಗಳಿಂದ, ಇಂಗ್ಲಿಷ್ ಮೀಡಿಯಂ ಶಾಲೆಗಳಿಂದ, ಮೊಬೈಲಿನಿಂದ. ಆದರೆ ಅದರ ಮರುದಿನ ಮತ್ತು ಅದರ ಮಾರನೇ ದಿನ, ಅಂದರೆ ನವೆಂಬರ್ 1 ಮತ್ತು 2, ನಿಜವಾಗಿಯೂ ನಮ್ಮವು. ಅವನ್ನು ಯಾರೂ ಕೇಳುವುದಿಲ್ಲ. ನನಗೆ ಹೇಳಬೇಕು ಅನ್ನಿಸುವುದು ಅವುಗಳ ಬಗ್ಗೆಯೇ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ನವೆಂಬರ್ 1 ಸಕಲ ಸಂತರ ದಿನ. ಎಂಟನೇ ಶತಮಾನದಲ್ಲಿ ಪೋಪ್ ಮೂರನೇ ಗ್ರೆಗರಿ ರೋಮಿನ ಸಂತ ಪೇತ್ರರ ಚರ್ಚಿನೊಳಗೆ ಎಲ್ಲ ಸಂತರ ಹೆಸರಿನಲ್ಲಿ ಒಂದು ಪ್ರಾರ್ಥನಾಲಯ ಮಾಡಿಸಿದರು. 835ರ ಹೊತ್ತಿಗೆ, ನಾಲ್ಕನೇ ಗ್ರೆಗರಿ ಕಾಲದಲ್ಲಿ, ಆ ಹಬ್ಬ ಯೂರೋಪಿನ ದೊಡ್ಡ ಭಾಗಕ್ಕೆ ಹರಡಿತು. ಸಾವಿರದ ಇಸವಿಯ ಆಸುಪಾಸಿನಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಓಡಿಲೋ ತಮ್ಮ ಮಠಗಳಲ್ಲಿ ನವೆಂಬರ್ 2ನ್ನು ತೀರಿಹೋದ ಎಲ್ಲರಿಗಾಗಿ ಪ್ರಾರ್ಥಿಸುವ ದಿನ ಮಾಡಿದರು. ದೊಡ್ಡ ಹಬ್ಬದ ಹಿಂದಿನ ಸಂಜೆ ಸೇರಿ ಪ್ರಾರ್ಥನೆ ಮಾಡುವುದು ಚರ್ಚಿನ ಹಳೆಯ ಪದ್ಧತಿ. ಅಕ್ಟೋಬರ್ 31 ಅಂಥ ಒಂದು ಸಂಜೆ. ಐರ್ಲೆಂಡಿನಲ್ಲಿ ಅದೇ ಹೊತ್ತಿಗೆ ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಒಂದು ಹಳೆಯ ಹಬ್ಬವೂ ಇತ್ತು. ಎರಡೂ ಕಲೆತವು. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದಾಗ ಐರಿಷ್ ಜನ ಲಕ್ಷಗಟ್ಟಲೆ ಅಮೆರಿಕಕ್ಕೆ ಹೋದರು. ಊರಲ್ಲಿ ಟರ್ನಿಪ್ ಗೆಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು. ಮುಖವಾಡ, ಮನೆಮನೆಗೆ ಹೋಗಿ ಮಿಠಾಯಿ ಕೇಳುವುದು, ಅಂಗಡಿ ತುಂಬ ಅಸ್ಥಿಪಂಜರ, ಇದೆಲ್ಲ ಈಗಿನ ರೂಪಕ್ಕೆ ಬಂದದ್ದು ಅಮೆರಿಕದಲ್ಲಿ, ಕಳೆದ ನೂರು ವರ್ಷಗಳಲ್ಲಿ.

ಪ್ರೊಟೆಸ್ಟೆಂಟರಿಗೆ ಆ ದಿನ ಇನ್ನೊಂದು ನೆನಪೂ ಇದೆ. 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಚರ್ಚಿನ ಪಾಪಕ್ಷಮೆ ಪತ್ರಗಳ ಮಾರಾಟವನ್ನು ಪ್ರಶ್ನಿಸುವ ತನ್ನ 95 ವಾದಗಳನ್ನು ಮೈನ್ಸ್‌ನ ಆರ್ಚ್‌ಬಿಷಪ್‌ಗೆ ಕಳಿಸಿದ. ಹಾಗಾಗಿ ಲೂಥರನ್ ಸಭೆಗಳಿಗೆ ಅದು ಸುಧಾರಣೆಯ ದಿನ.

ನನ್ನ ತಂದೆ ಕಡೆಯವರು ಕೋಲಾರದ ಮೆಥೋಡಿಸ್ಟರು, ಪ್ರೊಟೆಸ್ಟೆಂಟರಲ್ಲೇ ಒಂದು ಪಂಗಡ. ತಾಯಿ ಕಡೆಯವರು ಕೆಜಿಎಫ್‌ನ ಕ್ಯಾಥೊಲಿಕರು. ಅದಕ್ಕೇ ಈ ಎರಡು ದಿನಗಳನ್ನು ಎರಡು ಥರ ನೋಡಿ ಬೆಳೆದೆ.

ನವೆಂಬರ್ 1 ರಾಜ್ಯೋತ್ಸವ. ಬೆಳಗ್ಗೆ ಮಕ್ಕಳು ಕೆಂಪು ಹಳದಿ ಬ್ಯಾಡ್ಜ್ ಚುಚ್ಚಿಕೊಂಡು ಧ್ವಜಾರೋಹಣಕ್ಕೆ ಓಡುತ್ತಾರೆ. ಸಂಜೆ, ಅಥವಾ ಹತ್ತಿರದ ಭಾನುವಾರ, ಚರ್ಚಿನಲ್ಲಿ ಆ ವರ್ಷ ತೀರಿಕೊಂಡವರ ಹೆಸರು ಓದುತ್ತೇವೆ. ಮೆಥೋಡಿಸ್ಟ್ ಸಭೆ ಹುಟ್ಟಲು ಕಾರಣರಾದ ಜಾನ್ ವೆಸ್ಲಿ ಸಕಲ ಸಂತರ ದಿನ ತನಗೆ ಬಹಳ ಪ್ರಿಯ ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಸಂತರು ಅಂದರೆ ಬಣ್ಣದ ಗಾಜಿನ ಕಿಟಕಿಯಲ್ಲಿ ಇರುವವರು ಮಾತ್ರ ಅಂತ ನಾವು ತಿಳಿಯುವುದಿಲ್ಲ. ನಂಬಿ ಬಾಳಿ ಹೋದ ಎಲ್ಲರೂ ಅದರಲ್ಲಿ ಸೇರುತ್ತಾರೆ. 1876-78ರ ಭೀಕರ ಬರದಲ್ಲಿ ಹೆತ್ತವರನ್ನು ಕಳೆದುಕೊಂಡು ಇಲ್ಲಿನ ಅನಾಥಾಲಯದಲ್ಲಿ ಬೆಳೆದ ಮಕ್ಕಳು, ಕೋಲಾರದ ಇಟಿಸಿಎಂ ಮಿಷನ್ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಹೆರಿಗೆ ಮಾಡಿಸಿದ ನರ್ಸ್‌ಗಳು, ಬೈಬಲ್ ಹಿಡಿದು ಹಳ್ಳಿ ಹಳ್ಳಿ ನಡೆದ ಹೆಂಗಸರು, ಇವರೆಲ್ಲ ನನ್ನ ಪಾಲಿಗೆ ಆ ಪಟ್ಟಿಯಲ್ಲಿದ್ದಾರೆ. ಇವರ ಬಗ್ಗೆ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ದಿನ ನನಗೆ ಗೊತ್ತಿಲ್ಲ.

ನವೆಂಬರ್ 2 ಸಮಾಧಿಗಳ ದಿನ. ಮಳೆ ಮುಗಿದ ಹೊಸತು, ಹುಲ್ಲು ಎದೆಮಟ್ಟ ನಿಂತಿರುತ್ತದೆ. ಅದರ ಮಧ್ಯೆ ಕಾಂಗ್ರೆಸ್ ಗಿಡ. ಹಿಂದಿನ ದಿನವೇ ಗಂಡಸರು ಕುಡುಗೋಲು, ಗುದ್ದಲಿ ತಂದು ದಾರಿ ಬಿಡಿಸುತ್ತಾರೆ. ಕಾಂಗ್ರೆಸ್ ಗಿಡ ತಾಗಿದರೆ ಮೈಯೆಲ್ಲ ನವೆ, ಅದಕ್ಕೆ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಬುಡಸಮೇತ ಕೀಳುತ್ತಾರೆ. ಕಲ್ಲು ತೊಳೆಯುವುದು ಹೆಂಗಸರ, ಮಕ್ಕಳ ಕೆಲಸ. ತೆಂಗಿನ ನಾರು, ಸೋಪಿನ ಪುಡಿ, ಒಂದು ಬಕೆಟ್ ನೀರು. ಪಾಚಿ ಹೋದ ಮೇಲೆ ಅಕ್ಷರ ಕಾಣಿಸುತ್ತದೆ. ಮಾಸಿದ ಕಡೆ ಸಣ್ಣ ಬ್ರಷ್‌ನಲ್ಲಿ ಕಪ್ಪು ಪೇಂಟ್ ತೀಡುತ್ತೇವೆ. 'ಕರ್ತನಲ್ಲಿ ನಿದ್ರೆಹೋದರು' ಎಂಬ ಸಾಲನ್ನು ಮಕ್ಕಳು ಕೂಡಿಸಿ ಕೂಡಿಸಿ ಓದುತ್ತಾರೆ. ಆಮೇಲೆ ಇಸವಿಗಳನ್ನು ಕಳೆಯುತ್ತಾರೆ. "ಟೀಚರ್, ಈ ಪಾಪು ಒಂದೇ ವರ್ಷ ಇದ್ದಿದ್ದಾ?" ಅಂತ ಒಬ್ಬಳು ಕೇಳಿದಳು. ಹೌದು ಪುಟ್ಟಿ ಅಂದೆ. ಅವಳು ತನ್ನ ಪಾಲಿನ ಸೇವಂತಿಗೆಯಲ್ಲಿ ಅರ್ಧ ತೆಗೆದು ಆ ಚಿಕ್ಕ ಗೋರಿಯ ಮೇಲೆ ಇಟ್ಟಳು. ಆ ಮನೆಯವರು ಊರಲ್ಲಿ ಯಾರೂ ಉಳಿದಿಲ್ಲ.

ಕೆಜಿಎಫ್‌ನಲ್ಲಿ ಇದರ ಭರಾಟೆ ಇನ್ನೂ ಜಾಸ್ತಿ. ಅಲ್ಲಿನ ತಮಿಳು ಮಾತಾಡುವ ಜನ ಇದನ್ನು ಕಲ್ಲರೈ ತಿರುನಾಳ್, ಅಂದರೆ ಸಮಾಧಿ ಹಬ್ಬ ಅನ್ನುತ್ತಾರೆ. ಗಣಿ ಮುಚ್ಚಿದ್ದು 2001ರಲ್ಲಿ. ಕೆಲಸ ಹುಡುಕಿ ಬೆಂಗಳೂರಿಗೆ ಹೋದ ಮಕ್ಕಳು, ಮೊಮ್ಮಕ್ಕಳು ಆ ದಿನ ಮಾರಿಕುಪ್ಪಂ ಟ್ರೈನ್ ಹತ್ತಿ ಹೂವು, ಮೇಣದ ಬತ್ತಿ ಹಿಡಿದು ಬರುತ್ತಾರೆ. ಫಾದರ್ ಬಲಿಪೂಜೆ ಮುಗಿಸಿ ಒಂದೊಂದೇ ಸಮಾಧಿಗೆ ತೀರ್ಥ ಚಿಮುಕಿಸುತ್ತಾ ಬರುತ್ತಾರೆ. ನೆಲದಡಿಯ ಸುರಂಗದಲ್ಲಿ ಬಂಡೆ ಸಿಡಿದು ಸತ್ತವರು, ಗಣಿಯ ದೂಳಿನಿಂದ ಎದೆ ಹಾಳಾಗಿ ಕೆಮ್ಮಿ ಕೆಮ್ಮಿ ಹೋದವರು, ಎಲ್ಲರೂ ಅಲ್ಲಿದ್ದಾರೆ.

ಇಲ್ಲಿ ನಮ್ಮ ನಮ್ಮಲ್ಲೇ ಭೇದ ಉಂಟು. ಸತ್ತವರಿಗಾಗಿ ಪ್ರಾರ್ಥಿಸಬೇಕು ಎಂದು ಕ್ಯಾಥೊಲಿಕರು ನಂಬುತ್ತಾರೆ. ನಾವು ಮೆಥೋಡಿಸ್ಟರು ಅವರ ಬಾಳಿಗಾಗಿ ದೇವರಿಗೆ ವಂದನೆ ಹೇಳಿ ಅಲ್ಲಿಗೆ ನಿಲ್ಲಿಸುತ್ತೇವೆ. ಕೆಲವು ಹೊಸ ಸಭೆಗಳವರು ಸಮಾಧಿಗೆ ಹೂವು ಇಡುವುದೂ ಬೇಡ ಅನ್ನುತ್ತಾರೆ. ನನ್ನ ತಂದೆ ತಾಯಿ ಇದರ ಬಗ್ಗೆ ಒಮ್ಮತಕ್ಕೆ ಬರಲೇ ಇಲ್ಲ. ಆದರೂ ಪ್ರತಿ ವರ್ಷ ಒಟ್ಟಿಗೇ ಹೋದರು. ಕೋಲಾರದ ನೆರೆಹೊರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವವರಿಗೆ, ಶಬ್-ಎ-ಬರಾತ್ ರಾತ್ರಿ ಖಬರಸ್ತಾನಕ್ಕೆ ಹೋಗುವವರಿಗೆ ಅದು ತಾನಾಗೇ ಅರ್ಥವಾಗುತ್ತದೆ.

ಈಗ ತಾಯಂದಿರ ಪ್ರಶ್ನೆಗೆ ಬರುತ್ತೇನೆ. ಬೇರೆ ದೇಶಗಳ ಕ್ರೈಸ್ತರು ಏನೇನೋ ದಾರಿ ಹುಡುಕಿದ್ದಾರೆ. ಅಮೆರಿಕದ ಎಷ್ಟೋ ಚರ್ಚುಗಳು ಅವತ್ತು ಸುಗ್ಗಿ ಹಬ್ಬ ಮಾಡುತ್ತವೆ. ಇನ್ನು ಕೆಲವು ಕಡೆ ಚರ್ಚಿನ ಪಾರ್ಕಿಂಗ್‌ನಲ್ಲಿ ಕಾರುಗಳ ಡಿಕ್ಕಿ ತೆಗೆದಿಟ್ಟು ಅಲ್ಲಿಂದಲೇ ಮಕ್ಕಳಿಗೆ ಮಿಠಾಯಿ ಹಂಚುತ್ತಾರೆ. ಇಂಗ್ಲೆಂಡಿನಲ್ಲಿ ಬೆಳಕಿನ ಪಾರ್ಟಿ ಅಂತ ಮಾಡುತ್ತಾರೆ. ಫಿಲಿಪ್ಪೀನ್ಸ್‌ನ ಕ್ಯಾಥೊಲಿಕರು ಮಕ್ಕಳಿಗೆ ಸಂತರ ವೇಷ ಹಾಕಿಸಿ ಮೆರವಣಿಗೆ ಮಾಡುತ್ತಾರೆ. ಇವೆಲ್ಲ ನನಗೆ ಒಪ್ಪಿಗೆ. ಕೆಲವು ಮನೆಗಳು ಆ ದಿನ ಬಾಗಿಲು ಹಾಕಿಕೊಂಡು ಸುಮ್ಮನಿರುತ್ತವೆ, ಅದೂ ಅವರಿಷ್ಟ.

ನನಗೆ ಒಪ್ಪಿಗೆಯೇ ಇಲ್ಲದ್ದು ಒಂದಿದೆ. ಅಮೆರಿಕದ ಕೆಲವು ಚರ್ಚುಗಳು ಅವತ್ತು ನರಕದ ಮನೆ ಕಟ್ಟುತ್ತವೆ. ಕತ್ತಲೆ ಕೋಣೆಗಳಲ್ಲಿ ರಕ್ತ, ಕಿರುಚಾಟ, ಪಾಪ ಮಾಡಿದವರ ಗತಿ ಇದು ಅಂತ ತೋರಿಸಿ, ಹೊರಗೆ ಬರುವಾಗ ಯೇಸುವನ್ನು ನಂಬು ಅನ್ನುತ್ತಾರೆ. ಹೆದರಿಸಿ ಕರೆತಂದ ನಂಬಿಕೆ ಹೆದರಿಕೆ ಇರುವ ತನಕ ಮಾತ್ರ. ನಮ್ಮ ಕಡೆಯೂ ಅಕ್ಟೋಬರ್ ಕೊನೆಗೆ ವಾಟ್ಸಾಪ್‌ನಲ್ಲಿ 'ಈ ರಾತ್ರಿ ದುರಾತ್ಮಗಳು ಮಕ್ಕಳನ್ನು ಹಿಡಿಯುತ್ತವೆ' ಎಂಬ ಮೆಸೇಜು ತಿರುಗುತ್ತದೆ. ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ.

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು, ನೆನಪಿದೆಯಾ? ರಾತ್ರಿ ದೆವ್ವ ಬಂದು ಗೊತ್ತಿರುವವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಸಾವು ಎಂಬ ಸುದ್ದಿ. ನಾವು ಮಕ್ಕಳು ಕತ್ತಲಾದ ಮೇಲೆ ಹಿತ್ತಲಿಗೂ ಹೋಗುತ್ತಿರಲಿಲ್ಲ. ಅಜ್ಜಿ ಮಾತ್ರ ಬಾಗಿಲ ಮೇಲೆ ಏನೂ ಬರೆಯಗೊಡಲಿಲ್ಲ. ಲಾಟೀನು ಹಿಡಿದು ನಮ್ಮನ್ನೆಲ್ಲ ಅಂಗಳಕ್ಕೆ ಕರೆದುಕೊಂಡು ಹೋಗಿ 23ನೇ ಕೀರ್ತನೆ ಹೇಳಿಸಿದರು. ಬಯ್ಯಲಿಲ್ಲ, ಬರೆದವರನ್ನು ನೋಡಿ ನಗಲೂ ಇಲ್ಲ. ಭಯವನ್ನು ಮಕ್ಕಳ ಮನಸ್ಸಿಂದ ಹೀಗೆ ತೆಗೆಯಬೇಕು ಅಂತ ನಾನು ಕಲಿತದ್ದು ಅಲ್ಲಿ.

ಮಾಟ, ಮಂತ್ರ, ಸತ್ತವರನ್ನು ಮಾತಾಡಿಸುವುದು ಬೇಡ ಎಂದು ಬೈಬಲಿನ ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಖಡಾಖಂಡಿತವಾಗಿ ಹೇಳುತ್ತದೆ. ಮಕ್ಕಳ ಗುಂಪು ಬೋರ್ಡ್ ಇಟ್ಟುಕೊಂಡು ಆತ್ಮ ಕರೆಯುವ ಆಟ ಆಡುತ್ತದೆ ಅಂದರೆ ನಾನು ಬೇಡ ಅಂತ ನೇರವಾಗಿ ಹೇಳುತ್ತೇನೆ. ಕಪ್ಪು ಟೋಪಿ ಹಾಕಿ ಚಾಕ್ಲೇಟ್ ತಿನ್ನುವುದು ಆ ಮಾತಿನೊಳಗೆ ಬರುವುದಿಲ್ಲ. ಅದು ಯೇಸುವಿನ ಸುವಾರ್ತೆ ಸಾರಿದ ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದೊಳಗೆ ಬರುತ್ತದೆ. ಒಬ್ಬನು ಒಂದು ದಿನವನ್ನು ವಿಶೇಷ ಅಂದುಕೊಳ್ಳುತ್ತಾನೆ, ಇನ್ನೊಬ್ಬನಿಗೆ ಎಲ್ಲ ದಿನವೂ ಒಂದೇ. ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ, ಬೇರೆಯವರಿಗೆ ತೀರ್ಪು ಕೊಡುವುದು ಬೇಡ.

ಮತ್ತೆ ಇದು ನಮಗೆ ಹೊಸ ಕಷ್ಟವೇನೂ ಅಲ್ಲ. ಆಫೀಸಿನ ಆಯುಧ ಪೂಜೆಯಲ್ಲಿ ಕಡಲೆಪುರಿ ಕೊಟ್ಟಾಗ ಏನು ಮಾಡಬೇಕು, ಗಣೇಶನ ಪ್ರಸಾದ ಮಗುವಿನ ಕೈಗೆ ಬಂದಾಗ ಏನು ಹೇಳಬೇಕು, ಶಾಲೆಯಲ್ಲಿ ಕುಂಕುಮ ಇಟ್ಟರೆ ಒರೆಸಬೇಕಾ, ಇದನ್ನೆಲ್ಲ ಕೋಲಾರದ ಕ್ರೈಸ್ತರು ತಲೆಮಾರುಗಳಿಂದ ತೂಗಿ ನೋಡುತ್ತಲೇ ಬಂದಿದ್ದಾರೆ. ಕೊರಿಂಥದವರಿಗೆ ಪೌಲನು ಬರೆದದ್ದೂ ಇಂಥದೇ ಸಂಗತಿ, ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದೇ ಅಂತ. ನಮ್ಮಲ್ಲಿ ಕೆಲವರು ಪ್ರಸಾದ ತಗೊಂಡು ತಿನ್ನುತ್ತಾರೆ, ಕೆಲವರು ಕೈಯಲ್ಲಿ ಇಸಕೊಂಡು ಪಕ್ಕದವರಿಗೆ ಕೊಡುತ್ತಾರೆ, ಕೆಲವರು ಕೈಮುಗಿದು ಬೇಡ ಅನ್ನುತ್ತಾರೆ. ಮೂವರೂ ಭಾನುವಾರ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇಷ್ಟು ಅಭ್ಯಾಸ ಇರುವ ನಾವು ಒಂದು ಕುಂಬಳಕಾಯಿಗೆ ತಲೆ ಕೆಡಿಸಿಕೊಳ್ಳಬೇಕಾ?

ಹಾಗಾಗಿ ಕೇಳಿದ ತಾಯಂದಿರಿಗೆ ನಾನು ಹೇಳುವುದು ಹೀಗೆ. ಮೊದಲು ಶಾಲೆಯಲ್ಲಿ ಏನು ಮಾಡಿಸುತ್ತಾರೆ ಅಂತ ಕೇಳಿ ತಿಳಿದುಕೊಳ್ಳಿ. ಬಣ್ಣದ ಬಟ್ಟೆ, ತಿಂಡಿ, ಡ್ಯಾನ್ಸ್ ಅಷ್ಟೇ ಆದರೆ ಕಳಿಸುವುದು ಬಿಡುವುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ದೆವ್ವದ ವೇಷ ಇಷ್ಟವಿಲ್ಲ ಅಂದರೆ ಬೈಬಲ್ ಕಥೆಯ ದಾವೀದನ ವೇಷ ಹಾಕಿ ಕವಣೆ ಕೊಡಿ, ಹುಡುಗಿಗೆ ಎಸ್ತೇರ್ ರಾಣಿಯ ಕಿರೀಟ ಮಾಡಿಕೊಡಿ. ನನ್ನ ಮನೆಯಲ್ಲಿ ಕಳಿಸುವುದಿಲ್ಲ. ರಕ್ತ, ಹೆಣ, ತಲೆಬುರುಡೆ ಮಕ್ಕಳ ಆಟದ ಸಾಮಾನು ಆಗುವುದು ನನಗೆ ಹಿಡಿಸುವುದಿಲ್ಲ. ಯಾಕೆಂದರೆ ಎರಡು ದಿನ ಬಿಟ್ಟು ಅದೇ ಮಕ್ಕಳು ನನ್ನ ಜೊತೆ ಸಮಾಧಿ ಕಲ್ಲು ತೊಳೆಯಲು ಬರಬೇಕು, ಅಲ್ಲಿರುವವರನ್ನು ಅಜ್ಜ, ಅಜ್ಜಿ, ಮಾವ ಅಂತ ಕರೆಯಬೇಕು. ಕಳಿಸದಿದ್ದರೆ ಟೀಚರಿಗೆ ಮುಂಚೆಯೇ ಒಂದು ಮಾತು ಹೇಳಿ. ಹೋದ ಮಕ್ಕಳ ಬಗ್ಗೆ ನಿಮ್ಮ ಮಗುವಿನ ಮುಂದೆ ಕೆಟ್ಟ ಮಾತು ಆಡಬೇಡಿ.

ಅವತ್ತು ಸಂಜೆ ಬೀದಿಯ ಮಕ್ಕಳು ಮುಖಕ್ಕೆ ಬಣ್ಣ ಬಳಿದುಕೊಂಡು ಬಂದು ಬಾಗಿಲು ತಟ್ಟಿದರೆ? ತೆಗೆಯಿರಿ. ನಾನು ಕಡಲೆಕಾಯಿ ಚಿಕ್ಕಿ ತಂದಿಟ್ಟಿರುತ್ತೇನೆ. ಕೊಟ್ಟು, ಯಾರ ಮನೆಯವರು ಅಂತ ವಿಚಾರಿಸಿ, ಕತ್ತಲಾಯಿತು ಹುಷಾರಾಗಿ ಮನೆಗೆ ಹೋಗಿ ಅನ್ನುತ್ತೇನೆ. ಸಮಾಧಿ ಸ್ವಚ್ಛ ಮಾಡಲು ಬರುವವರು ಮಾತ್ರ ಕೈಗೆ ಕಟ್ಟಿಕೊಳ್ಳಲು ಕವರ್ ತರುವುದು ಮರೆಯಬೇಡಿ. ಈ ಸಲ ಮಳೆ ಚೆನ್ನಾಗಿ ಆಗಿದೆ, ಕಾಂಗ್ರೆಸ್ ಗಿಡ ಜಾಸ್ತಿ ಇದೆ.