ವಾರ್ಡ್ 9 ಯಾಕೆ 99 ಆಯಿತು: ಲಿಖಿತ ಉತ್ತರಗಳ ಕೆಲಸ, ಈ ತಿಂಗಳ ವರದಿ

ಕೊನೆಗೂ ತೀರ್ಥಹಳ್ಳಿ ಸಿಕ್ಕಿತು.

ನಿನ್ನೆ ರಾತ್ರಿ ಒಂದೂವರೆಗೆ ಹುಡುಕುವ ಜಾಗದಲ್ಲಿ ಆ ಹೆಸರು ಹಾಕಿದೆ. ಮೂರು ವಾರದಿಂದ ಸೊನ್ನೆ ತೋರಿಸುತ್ತಿದ್ದ ಪರದೆಯ ಮೇಲೆ ಸಾಲುಸಾಲಾಗಿ ಉತ್ತರಗಳು ಬಂದವು. ಎದ್ದು ಹೋಗಿ ನೀರು ಕುಡಿದು ಬಂದು ಇನ್ನೊಮ್ಮೆ ಹುಡುಕಿದೆ. ಮತ್ತೆ ಬಂದವು. ಆಮೇಲೆ ನಿದ್ದೆ ಹತ್ತಲಿಲ್ಲ, ಖುಷಿಗೆ.

ವಿಧಾನಸಭೆಯ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳ, ಅಂದರೆ ಲಿಖಿತ ಉತ್ತರ ಮಾತ್ರ ಸಿಗುವ ಪ್ರಶ್ನೆಗಳ, ಉತ್ತರಗಳನ್ನು ಪದ ಹಾಕಿ ಹುಡುಕಲು ಬರುವಂತೆ ಮಾಡುವುದು ಈ ಕೆಲಸ. ಪುಟ ನೆಟ್ಟಗೆ ಮಾಡುವುದು, ಎಡಗಡೆಯ ಪ್ರಶ್ನೆ ಬಲಗಡೆಯ ಉತ್ತರದ ಜೊತೆ ಕಲಸಿಹೋಗದಂತೆ ಎರಡು ಕಾಲಂ ಬಿಡಿಸುವುದು, (ಅ) (ಆ) (ಇ) ಉಪಪ್ರಶ್ನೆಗಳನ್ನು ಬೇರೆ ಮಾಡುವುದು, ಇದೆಲ್ಲ ನೀವೂ ಮಾಡಿದವರೇ. ಅದನ್ನು ಬಿಟ್ಟು ನೇರವಾಗಿ ತಲೆನೋವಿಗೆ ಬರುತ್ತೇನೆ.

ಮಲೆನಾಡಿನ ಕಾಲುಸಂಕಗಳ (ಹಳ್ಳ ದಾಟುವ ಕಿರುಸೇತುವೆಗಳ) ಬಗ್ಗೆ ಒಬ್ಬ ಶಾಸಕರು ಕೇಳಿದ ಪ್ರಶ್ನೆಯ ಉತ್ತರ ನನ್ನ ಹತ್ತಿರ ಕಾಗದದಲ್ಲೇ ಇದೆ. ಅನುಬಂಧದಲ್ಲಿ ತಾಲ್ಲೂಕುವಾರು ಪಟ್ಟಿ ಇದೆ. ಅದೇ ಪುಟದ ಸ್ಕ್ಯಾನ್ ಡೇಟಾಬೇಸ್‌ನಲ್ಲೂ ಇದೆ. ಆದರೆ "ತೀರ್ಥಹಳ್ಳಿ" ಅಂತ ಹುಡುಕಿದರೆ ಏನೂ ಬರುತ್ತಿರಲಿಲ್ಲ. "ಹೊಸನಗರ" ಹಾಕಿದರೆ ಅದೇ ಪುಟ ಬರುತ್ತಿತ್ತು! ಪುಟ ತೆರೆದು ನೋಡಿದರೆ ಕಣ್ಣೆದುರಿಗೇ ತೀರ್ಥಹಳ್ಳಿ ಇದೆ. ಮೊದಲು ಇಂಡೆಕ್ಸ್ ಕೆಟ್ಟಿದೆ ಅಂದುಕೊಂಡೆ. ಎರಡು ಸಲ ಅಳಿಸಿ ಕಟ್ಟಿದೆ. ಪ್ರಯೋಜನ ಆಗಲಿಲ್ಲ.

ಕೊನೆಗೆ ಆ ಒಂದು ಪದವನ್ನು ಕತ್ತರಿಸಿ, ಒಂದೊಂದು ಅಕ್ಷರದ ಯೂನಿಕೋಡ್ ಸಂಖ್ಯೆಯನ್ನೂ (ಕಂಪ್ಯೂಟರ್ ಅಕ್ಷರವನ್ನು ಗುರುತಿಸುವ ಸಂಖ್ಯೆ) ಸಾಲಾಗಿ ಬರೆಸಿ ನೋಡಿದೆ. ಅಲ್ಲಿ ಇದ್ದದ್ದು "ತೀಥ೯ಹಳ್ಳಿ". ಥ ಆದಮೇಲೆ ಅರ್ಕಾವತ್ತು ಅಲ್ಲ, ಕನ್ನಡದ ಅಂಕಿ ಒಂಬತ್ತು.

ನೋಡಲು ಎರಡೂ ಒಂದೇ ಅಲ್ವಾ. ಬಾಯಲ್ಲಿ "ರ್" ಮೊದಲು ಬರುತ್ತದೆ, ಬರವಣಿಗೆಯಲ್ಲಿ ಅದರ ಗುರುತು ಮುಂದಿನ ಅಕ್ಷರದ ಬಲಕ್ಕೆ ಹೋಗಿ ಕೂರುತ್ತದೆ. ಆ ಗುರುತಿಗೂ ೯ ಅಂಕಿಗೂ ಆಕಾರದಲ್ಲಿ ವ್ಯತ್ಯಾಸವೇ ಇಲ್ಲ ಅನ್ನಬಹುದು. ಪುಟದ ಚಿತ್ರದಿಂದ ಅಕ್ಷರ ಓದುವ ಓಸಿಆರ್ ಕಂಡದ್ದನ್ನೇ ಬರೆಯುತ್ತದೆ. ಕೆಲವು ಕಡೆ ಟೈಪ್ ಮಾಡಿದವರೇ ಅಂಕಿಯ ಕೀಲಿ ಒತ್ತಿದ್ದಾರೆ, ಅದು ಹಳೆಯ ರೂಢಿ. ಹಾಗಾಗಿ ನನ್ನ ಡೇಟಾಬೇಸ್ ತುಂಬ ಸಕಾ೯ರ, ಕನಾ೯ಟಕ, ವಷ೯, ಕಾಯ೯ಕ್ರಮ, ನಿಮಾ೯ಣ, ಆಥಿ೯ಕ. ಲಿಖಿತ ಉತ್ತರಗಳಲ್ಲಿ ಅತಿ ಜಾಸ್ತಿ ಬರುವ ಪದಗಳೇ ಇವು. ಇಷ್ಟು ದಿನ ನಾನು ಹುಡುಕಿ "ಇಲ್ಲ" ಅಂತ ಬಿಟ್ಟ ಎಷ್ಟು ಉತ್ತರಗಳು ಒಳಗೇ ಕೂತಿದ್ದವೋ ಅನ್ನಿಸಿ ಹೊಟ್ಟೆ ತೊಳಸಿದಂತಾಯಿತು.

ಮೊದಲ ಪರಿಹಾರ ಒಂದು ಸಾಲಿನದು. ಅಕ್ಷರ ಆದಮೇಲೆ ೯ ಬಂದರೆ ಅದನ್ನು ತೆಗೆ, ಹಿಂದಿನ ಅಕ್ಷರಕ್ಕೂ ಮೊದಲು "ರ್" ಇಡು. ಸಕಾ೯ರ ಸರ್ಕಾರ ಆಯಿತು. ವಷ೯ ವರ್ಷ ಆಯಿತು. ಆದರೆ ಜಲಾಶಯದ ಉತ್ತರ ತೆಗೆದರೆ "ಸಾಮಥ್ರ್ಯ" ಅಂತ ಇದೆ. ಈ ತಪ್ಪನ್ನು ನೀವೂ ನೂರು ಕಡೆ ನೋಡಿರುತ್ತೀರಿ. ಸಾಮಥ್ಯ೯ ಅನ್ನುವಲ್ಲಿ ಗುರುತು ಯ ಒತ್ತಿನ ಆಚೆ ಇರುತ್ತದೆ. ಬರೀ ಒಂದು ವ್ಯಂಜನ ಹಿಂದೆ ಹೋದರೆ ರ್ ತಂದು ಥ ಮತ್ತು ಯ ನಡುವೆ ತುರುಕಿದಂತೆ ಆಗುತ್ತದೆ. ಒತ್ತು, ಸ್ವರಚಿಹ್ನೆ ಎಲ್ಲ ದಾಟಿ ಇಡೀ ಅಕ್ಷರದ ತಲೆಗೆ ಹೋಗಬೇಕು. ಅದನ್ನು ಸರಿ ಮಾಡಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡು ಮಲಗಿದೆ.

ಬೆಳಿಗ್ಗೆ ನೋಡಿದರೆ ಅನುಬಂಧಗಳು ಹಾಳಾಗಿದ್ದವು.

ಓಸಿಆರ್ ನಡುವಿನ ಜಾಗ ನುಂಗಿ ಕೊಟ್ಟ "ಅನುಬಂಧ೯" ಹೋಗಿ "ಅನುಬಂರ್ಧ" ಆಗಿತ್ತು. "ಪುಟ೯" ಹೋಗಿ "ಪುರ್ಟ". ಉತ್ತರದ ಕೊನೆಗೆ ಸಚಿವರ ಸಹಿಯ ಹತ್ತಿರ ಕಡತ ಸಂಖ್ಯೆ ಇರುತ್ತದಲ್ಲ, ಅಲ್ಲಿ "ಆಕುಕ೯" ಅಂತ ಅಂಟಿಕೊಂಡಿದ್ದದ್ದು "ಆಕುರ್ಕ" ಆಗಿತ್ತು. ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಗೆ ನಾನು ಹೊಸ ಹೆಸರೇ ಇಟ್ಟಿದ್ದೆ! ಇದಕ್ಕೆ ನಕ್ಕೆ. ಮುಂದಿನದಕ್ಕೆ ನಗು ಬರಲಿಲ್ಲ. "ರೂ೯ ಲಕ್ಷ" ಅನ್ನುವುದು "ರ್ರೂ ಲಕ್ಷ" ಆಗಿತ್ತು. ಒಂಬತ್ತು ಲಕ್ಷ ರೂಪಾಯಿ ಪುಟದಿಂದ ಮಾಯ.

ಅಲ್ಲಿ ಕೈ ನಿಲ್ಲಿಸಿದೆ. ಪದ ತಪ್ಪಾದರೆ ಹುಡುಕಲು ಸಿಗುವುದಿಲ್ಲ, ಅಷ್ಟೇ. ಅಂಕಿ ತಪ್ಪಾದರೆ ಸಚಿವರು ಹೇಳದೇ ಇದ್ದದ್ದನ್ನು ಅವರು ಹೇಳಿದರು ಅಂತ ನಾನು ತೋರಿಸಿದಂತೆ. ಸದನಕ್ಕೆ ಕೊಟ್ಟ ಉತ್ತರ ದಾಖಲೆ. ಬೇಕಂತಲೇ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ (ಸದನದ ಹಕ್ಕಿಗೆ ಧಕ್ಕೆ ತಂದ) ಮಾತು ಬರುತ್ತದೆ. ಅಂಥ ಕಾಗದದ ಅಂಕಿಯನ್ನು ನನ್ನ ಒಂದು ಸಾಲಿನ ಕೋಡ್ ತಿದ್ದಬಾರದು. ಆವತ್ತೇ ಒಂದು ನಿಯಮ ಮಾಡಿಕೊಂಡೆ. ಓಸಿಆರ್ ಕೊಟ್ಟ ಮೂಲ ಪಠ್ಯ ಒಂದು ಕಾಲಂನಲ್ಲಿ ಹಾಗೇ ಇರಬೇಕು. ತಿದ್ದಿದ್ದು ಇನ್ನೊಂದು ಕಾಲಂನಲ್ಲಿ. ಹುಡುಕುವುದು ತಿದ್ದಿದ್ದರಲ್ಲಿ, ತೋರಿಸುವುದು ಪುಟದ ಚಿತ್ರವನ್ನೇ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ನೀವು ಹೊಸದಾಗಿ ಶುರು ಮಾಡುವವರಾದರೆ ದಯವಿಟ್ಟು ಮಾಡಿ.

ಎರಡನೇ ಸುತ್ತಿನಲ್ಲಿ ನಿಯಮ ಬಿಗಿ ಮಾಡಿದೆ. ಅಕ್ಕಪಕ್ಕ ಇನ್ನೊಂದು ಅಂಕಿ ಇದ್ದರೆ ಅದು ಸಂಖ್ಯೆ, ಮುಟ್ಟಬೇಡ. ಅ, ಆ, ಇ ಥರದ ಸ್ವರಾಕ್ಷರದ ನಂತರ ಬಂದರೆ ಸಂಖ್ಯೆ, ಯಾಕೆಂದರೆ ಸ್ವರದ ಮೇಲೆ ಅರ್ಕಾವತ್ತು ಕೂರುವುದಿಲ್ಲ. ಇದರಿಂದ ಕಂಇ, ಲೋಇ, ನಅಇ ಥರ "ಇಲಾಖೆ"ಯ ಇ ಅಕ್ಷರದಲ್ಲಿ ಮುಗಿಯುವ ಕಡತ ಸಂಖ್ಯೆಗಳು ಬಚಾವಾದವು. ಸೊನ್ನೆಯ ಗೊಂದಲವೂ ಇಲ್ಲೇ ಸರಿಹೋಯಿತು. ಬೆ೦ಗಳೂರು ಅನ್ನುವಲ್ಲಿ ಅಂಕಿ ಸೊನ್ನೆ ಕೂತಿರುತ್ತದೆ, ೧ಂ ಅನ್ನುವಲ್ಲಿ ಅನುಸ್ವಾರ. ಅಕ್ಷರದ ನಂತರ ಬಂದರೆ ಅನುಸ್ವಾರ, ಅಂಕಿಯ ನಂತರ ಬಂದರೆ ಸೊನ್ನೆ. ಅದು ಒಂದು ಸಂಜೆಯಲ್ಲಿ ಮುಗಿದ ಕೆಲಸ. ಒಂಬತ್ತು ಮಾತ್ರ ಬಗ್ಗಲಿಲ್ಲ.

ಬೆಂಗಳೂರಿನ ರಸ್ತೆಗಳ ಒಂದು ಉತ್ತರ ಪರೀಕ್ಷೆಗೆ ಇಟ್ಟಿದ್ದೆ. ಚಿತ್ರದಲ್ಲಿ "ವಾರ್ಡ್ ೯". ಓಸಿಆರ್ ನಡುವಿನ ಜಾಗ ನುಂಗಿ "ವಾಡ್೯೯" ಅಂತ ಕೊಟ್ಟಿತ್ತು. ಮೊದಲ ೯ ಅರ್ಕಾವತ್ತು, ಎರಡನೆಯದು ನಿಜವಾದ ಒಂಬತ್ತು. ನನ್ನ ಬಿಗಿ ನಿಯಮ ಏನು ಮಾಡಿತು? ಪಕ್ಕದಲ್ಲಿ ಅಂಕಿ ಇದೆ, ಹಾಗಾದರೆ ಎರಡೂ ಸಂಖ್ಯೆ. ಫಲಿತಾಂಶ: "ವಾಡ್ 99". ಬೆಂಗಳೂರಿನಲ್ಲಿ 198 ವಾರ್ಡ್ ಇದ್ದ ಕಾಲದ ಉತ್ತರ ಅದು. ಅಂದರೆ 99 ಅನ್ನುವ ವಾರ್ಡ್ ನಿಜವಾಗಿಯೂ ಇತ್ತು. ಯಾರಿಗೂ ಅನುಮಾನವೇ ಬಾರದ ತಪ್ಪು. ಒಂದು ವಾರ್ಡಿನ ಖರ್ಚು ಇನ್ನೊಂದರ ಲೆಕ್ಕಕ್ಕೆ ಹೋಗಿ ಕೂರುತ್ತಿತ್ತು.

ಇಲ್ಲಿ ಸ್ವಲ್ಪ ಗೊಣಗಲೇಬೇಕು. ಎರಡು ೯ಗಳ ನಡುವಿನ ಖಾಲಿ ಜಾಗ ಅಳೆದರೆ ಅರ್ಧ ಸಮಸ್ಯೆ ತೀರುತ್ತದೆ. ಅರ್ಕಾವತ್ತು ಅಕ್ಷರಕ್ಕೆ ಅಂಟಿ ನಿಲ್ಲುತ್ತದೆ, ಸಂಖ್ಯೆ ಕೊಂಚ ದೂರ ನಿಲ್ಲುತ್ತದೆ. ಆದರೆ ಹಳೆಯ ಜೆರಾಕ್ಸ್ ಕಟ್ಟುಗಳನ್ನು ನಾನು ಕೊಟ್ಟಿದ್ದು ಒಂದು ಸ್ಕ್ಯಾನಿಂಗ್ ಅಂಗಡಿಗೆ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಬೇಕು, ಫೈಲ್ ಕುಗ್ಗಿಸಬೇಡಿ ಅಂತ ಚೀಟಿ ಬರೆದು ಕಟ್ಟಿನ ಮೇಲೆ ಅಂಟಿಸಿದ್ದೆ. ಪೆನ್‌ಡ್ರೈವ್‌ನಲ್ಲಿ ಬಂದದ್ದು ಹಿಂಡಿ ತೆಗೆದ ಚಿಕ್ಕ ಚಿಕ್ಕ ಫೈಲ್‌ಗಳು. ಅಕ್ಷರಗಳ ಅಂಚೆಲ್ಲ ಮಸಿ ಚೆಲ್ಲಿದ ಹಾಗೆ. ಫೋನ್ ಮಾಡಿದರೆ "ಓದೋಕೆ ಬರುತ್ತಲ್ವಾ ಸಾರ್?" ಅಂದರು. ನನಗೆ ಓದೋಕೆ ಬರುತ್ತದೆ, ಕಂಪ್ಯೂಟರಿಗೆ ಬರುವುದಿಲ್ಲ. ಆ ಕಟ್ಟನ್ನು ಮತ್ತೆ ನಾನೇ ಮನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದೇನೆ, ದಿನಕ್ಕೆ ನಲವತ್ತು ಪುಟ.

ಜಾಗ ಅಳೆಯುವುದು ಬಿಟ್ಟು ಬೇರೆ ದಾರಿ ಬೇಕಿತ್ತು. ಅದು ಹೊಳೆದದ್ದು ಹಳೆಯ ಫೈಲ್‌ಗಳಿಂದಲ್ಲ, ಹೊಸ ಫೈಲ್‌ಗಳಿಂದ. ಇತ್ತೀಚಿನ ಉತ್ತರಗಳಲ್ಲಿ ಯೂನಿಕೋಡ್‌ನಲ್ಲೇ ಟೈಪ್ ಆದವು ಸಾಕಷ್ಟಿವೆ. ಅವುಗಳಲ್ಲಿ ಸರ್ಕಾರ ಸರ್ಕಾರವಾಗಿಯೇ ಇದೆ. ವಿಷಯ ಅದೇ, ಭಾಷೆ ಅದೇ, ಇಲಾಖೆಗಳು ಅವೇ. "ಸರ್ಕಾರದ ಗಮನಕ್ಕೆ ಬಂದಿದೆಯೇ?", "ಬಂದಿದೆ", "ಅನುಬಂಧದಲ್ಲಿ ನೀಡಲಾಗಿದೆ", "ಉದ್ಭವಿಸುವುದಿಲ್ಲ". ಇವುಗಳಿಂದಲೇ ಒಂದು ಪದಪಟ್ಟಿ ಕಟ್ಟಿದೆ. ಯಾವ ನಿಘಂಟಿಗಿಂತಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಯಾಕೆಂದರೆ ನಿಘಂಟಿನಲ್ಲಿ ವಾರ್ಡ್, ಮಾರ್ಚ್, ತೀರ್ಥಹಳ್ಳಿ ಹುಡುಕುತ್ತಾ ಕೂರಲು ಆಗುವುದಿಲ್ಲ.

ಈಗ ಪ್ರತಿ ೯ಕ್ಕೂ ಎರಡು ಪ್ರಶ್ನೆ. ಅದನ್ನು ತೆಗೆದು ಬಿಸಾಕಿದರೆ ಉಳಿಯುವುದು ಪಟ್ಟಿಯಲ್ಲಿರುವ ಪದವೇ? ಅದನ್ನು ರ್ ಮಾಡಿದರೆ ಸಿಗುವುದು ಪಟ್ಟಿಯಲ್ಲಿರುವ ಪದವೇ? ವಷ ಪಟ್ಟಿಯಲ್ಲಿಲ್ಲ, ವರ್ಷ ಇದೆ: ಅರ್ಕಾವತ್ತು. ಪುಟ ಇದೆ, ಪುರ್ಟ ಇಲ್ಲ: ಒಂಬತ್ತು. ರೂ ಇದೆ, ರ್ರೂ ಇಲ್ಲ: ಒಂಬತ್ತು. ಎರಡು ೯ ಒಟ್ಟಿಗೆ ಬಂದರೆ ಮೊದಲನೆಯದನ್ನು ಮಾತ್ರ ಪದದ ಜೊತೆ ಇಟ್ಟು ಪರೀಕ್ಷೆ. ವಾಡ್ ಅನ್ನುವ ಪದ ಇಲ್ಲ, ವಾರ್ಡ್ ಇದೆ. ಹಾಗಾಗಿ ಮೊದಲ ೯ ಅರ್ಕಾವತ್ತು, ಉಳಿದದ್ದು 9. "ವಾಡ್೯೯೯" ಬಂದರೆ ಉಳಿಯುವುದು 99. ಎರಡೂ ಸರಿಯಾಗಿ ಬೇರೆಯಾದವು! ಅಂಕಿಯ ಪಕ್ಕ ಅಂಕಿ ಇದ್ದರೆ ಮುಟ್ಟಬೇಡ ಅನ್ನುವ ನನ್ನ ಬಿಗಿ ನಿಯಮವೇ ಅಡ್ಡಗೋಡೆಯಾಗಿತ್ತು. ಅದನ್ನು ತೆಗೆದ ಮೇಲೆಯೇ ದಾರಿ ಕಂಡದ್ದು.

ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ, ಯೂನಿಕೋಡ್ ಅಲ್ಲದ ಅಕ್ಷರದ ಹಳೆಯ ಫೈಲ್‌ಗಳ ಬಗ್ಗೆ ಇಬ್ಬರು ಕೇಳಿದ್ದಿರಿ. ಅಲ್ಲಿ ಅರ್ಕಾವತ್ತಿಗೆ ಬೇರೆಯದೇ ಸಂಕೇತ ಇರುವುದರಿಂದ ಒಂಬತ್ತಿನ ಜೊತೆ ಗೊಂದಲ ಇಲ್ಲ, ಜಾಗ ಬದಲಿಸಿದರೆ ಸಾಕು. ಆದರೆ ಒಂದು ಹುಷಾರು. ಕೋ ಅನ್ನುವುದು ಅಲ್ಲಿ ನಾಲ್ಕು ತುಂಡು. ತುಂಡು ತುಂಡಾಗಿಯೇ ಯೂನಿಕೋಡ್‌ಗೆ ಬದಲಿಸಿದರೆ ಕಣ್ಣಿಗೆ ಕೋ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಪರಿವರ್ತನೆ ಆದಮೇಲೆ ಎನ್‌ಎಫ್‌ಸಿ (ಯೂನಿಕೋಡ್ ತುಂಡುಗಳನ್ನು ಒಂದು ಮಾಡುವ ಕ್ರಮ) ಹಾಕಿ ಒಂದುಗೂಡಿಸಿ. ಮತ್ತೆ, ಉದ್ದದ ಸಂಕೇತಗಳನ್ನು ಮೊದಲು ಹೊಂದಿಸಿ. ಮ ಅಲ್ಲಿ ವ ಮತ್ತು ಒಂದು ಕೊಂಬಿನಿಂದ ಆದದ್ದು. ಯ ಅಂತೂ ಅನುಸ್ವಾರದ ಸೊನ್ನೆಯಿಂದಲೇ ಶುರುವಾಗುತ್ತದೆ. ಸಣ್ಣದನ್ನು ಮೊದಲು ಹೊಂದಿಸಿದರೆ ಮಂತ್ರಿ ಹೋಗಿ ಇನ್ನೇನೋ ಆಗುತ್ತಾರೆ.

ಉತ್ತರಗಳನ್ನು ಇಷ್ಟು ಓದುತ್ತಾ ಹೋದಾಗ ಕಣ್ಣಿಗೆ ಬಿದ್ದ ಇನ್ನೊಂದು ವಿಷಯ ಹೇಳದೆ ಇರಲಾರೆ. (ಅ)ಕ್ಕೆ "ಇಲ್ಲ" ಅಂತ ಬಂದರೆ (ಆ), (ಇ), (ಈ) ಎಲ್ಲಕ್ಕೂ "ಉದ್ಭವಿಸುವುದಿಲ್ಲ" ಅಂತ ಬರುತ್ತದೆ. ಇಡೀ ಪ್ರಶ್ನೆ ಒಂದೇ ಏಟಿಗೆ ಮುಗಿದುಹೋಗುತ್ತದೆ. ಅದಕ್ಕೇ ಪಳಗಿದ ಶಾಸಕರು ಮೊದಲ ಉಪಪ್ರಶ್ನೆಯನ್ನೇ "ಎಷ್ಟು?", "ಯಾವಾಗಿನಿಂದ?", "ತಾಲ್ಲೂಕುವಾರು ವಿವರ ನೀಡುವುದು" ಅಂತ ಶುರು ಮಾಡುತ್ತಾರೆ. ಅದಕ್ಕೆ "ಇಲ್ಲ" ಅನ್ನಲು ಬರುವುದಿಲ್ಲ. ಒಳ್ಳೆಯ ಅನುಬಂಧಗಳೆಲ್ಲ ಇಂಥ ಪ್ರಶ್ನೆಗಳಿಗೇ ಬಂದಿವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಎದ್ದು ಪೂರಕ ಪ್ರಶ್ನೆ ಕೇಳಬಹುದು, ಲಿಖಿತ ಉತ್ತರಕ್ಕೆ ಆ ಅವಕಾಶ ಇಲ್ಲ. ಕೇಳುವುದನ್ನೆಲ್ಲ ಮೊದಲೇ ಸರಿಯಾಗಿ ಕೇಳಬೇಕು.

ಇಲ್ಲಿಂದಲೇ ಮುಂದಿನ ಕೆಲಸ ಹುಟ್ಟಿದೆ, ತಡೆಯಲು ಆಗುತ್ತಿಲ್ಲ. "ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ", "ಪರಿಶೀಲಿಸಲಾಗುವುದು" ಅಂತ ಮುಗಿಯುವ ಉತ್ತರಗಳನ್ನೆಲ್ಲ ಬೇರೆ ಮಾಡಿ, ಅದೇ ವಿಷಯ ಮುಂದಿನ ಅಧಿವೇಶನಗಳಲ್ಲಿ ಮತ್ತೆ ಬಂದಾಗ ಏನು ಹೇಳಿದರು ಅಂತ ಒಂದು ದಾರದಲ್ಲಿ ಪೋಣಿಸುವುದು. ಮೊದಲು ಲೋಕಸಭೆಯ ಮೇಲೆ ಪ್ರಯೋಗ ಮಾಡುವ ಯೋಚನೆ ಇದೆ. ಅಲ್ಲಿ ಸರ್ಕಾರಿ ಭರವಸೆಗಳ ಸಮಿತಿ 1953ರಿಂದ ಇದೆ, ಕೊಟ್ಟ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು ಅನ್ನುವ ಲೆಕ್ಕವೂ ಇದೆ. ದಿನಕ್ಕೆ 230ರವರೆಗೆ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ಅವಧಿಯೇ ಇರಲಿಲ್ಲ, ಆದರೂ ಲಿಖಿತ ಉತ್ತರಗಳು ಬಂದವು. ದಾರ ಎಲ್ಲೂ ಕಡಿಯುವುದಿಲ್ಲ ಅಂತ ಧೈರ್ಯ ಬಂದದ್ದು ಅದರಿಂದ. ಆ ಪ್ರಯೋಗ ಗೆದ್ದರೆ ನಮ್ಮ ವಿಧಾನಸಭೆ ಮತ್ತು ವಿಧಾನ ಪರಿಷತ್ತಿಗೂ ಅದೇ ಸಾಧನ. ಯಾರಾದರೂ ಕೈ ಜೋಡಿಸುವಿರಾ? ಇಂಗ್ಲಿಷ್ ಉತ್ತರಗಳಾದ್ದರಿಂದ ಅರ್ಕಾವತ್ತಿನ ಕಾಟ ಇರುವುದಿಲ್ಲ!

ಸದ್ಯಕ್ಕೆ ಉಳಿದಿರುವುದು ಎರಡೂ ಸರಿ ಅನ್ನಿಸುವ ಪದಗಳು. "ಕಾಯ೯" ಅಂದರೆ ಕಾರ್ಯವೋ, ಕಾಯ ಮತ್ತು ಒಂಬತ್ತೋ? "ಕೋಟ್೯" ಅಂದರೆ ಕೋರ್ಟ್ ಇರಬಹುದು, ಶಾಲಾ ಸಮವಸ್ತ್ರದ ಪಟ್ಟಿಯಲ್ಲಿ ಒಂಬತ್ತು ಕೋಟ್ ಕೂಡ ಇರಬಹುದು. ಇಂಥವನ್ನು ಕೋಡ್ ತಿದ್ದುವುದಿಲ್ಲ. ಹಳದಿ ಬಣ್ಣ ಹಚ್ಚಿ ಬದಿಗಿಡುತ್ತದೆ, ನಾನು ಚಿತ್ರ ನೋಡಿ ಒಂದೊಂದಾಗಿ ತೀರ್ಮಾನ ಮಾಡುತ್ತೇನೆ. ನಿನ್ನೆ ರಾತ್ರಿ ಅರವತ್ತು ಮುಗಿಸಿದೆ.

ಅದಕ್ಕೂ ಮೊದಲು ಆ ಕಾಲುಸಂಕದ ಉತ್ತರವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ತೀರ್ಥಹಳ್ಳಿಯ ಸಾಲು ಎರಡನೇ ಪುಟದಲ್ಲಿತ್ತು. ಅದರ ಮುಂದಿನ ಅಂಕಿಯಲ್ಲಿ ಒಂದು ೯ ಇತ್ತು. ಚಿತ್ರ ದೊಡ್ಡದು ಮಾಡಿ ನೋಡಿದೆ. ಒಂಬತ್ತೇ.